ಐದು ಸೆಕೆಂಡಿಗೊಂದು ಜರ್ಕ್

ನನ್ನ ಕೈಗುಣ ಸರಿಯಿಲ್ಲ ಎಂದು ನಮ್ಮ ಓನರ್ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳ ಎದುರಿಗೆ ಹೇಳಿದ. ಒಂದು ಕಂಪ್ಯೂಟರ್‌ನಿಂದಾಗಿ. ಅದರಲ್ಲಿ ಗೇಮ್ ಹಾಕಿದರೆ ಐದು ಸೆಕೆಂಡಿಗೊಮ್ಮೆ ಜರ್ಕ್ ಹೊಡೆಯುತ್ತಿತ್ತು. ಅದನ್ನು ಜೋಡಿಸಿದವನು ನಾನು. ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಅಂಗಡಿ ಇದ್ದದ್ದು ವಿಜಯನಗರದಲ್ಲಿ. ಬಿಡಿ ಭಾಗಗಳನ್ನು ತಂದು ಕಂಪ್ಯೂಟರ್ ಜೋಡಿಸಿ ಮಾರುತ್ತಿದ್ದೆವು. ಒಳಗೆ ಒಂದು ಉದ್ದನೆಯ ಟೇಬಲ್. ಆ ಟೇಬಲ್ ಹತ್ತಿರ ಕೂತವನು ಮನುಷ್ಯ, ಉಳಿದವನು ಡಬ್ಬ ಹೊರುವವನು. ನಾನು ಎರಡು ವರ್ಷ ಡಬ್ಬ ಹೊತ್ತೆ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಮೂರು ವರ್ಷ ಲೇತ್ ಶಾಪಿನಲ್ಲಿ ಕಬ್ಬಿಣ ಕೊರೆದು, ಆಮೇಲೆ ಇಲ್ಲಿಗೆ ಸೇರಿದ್ದೆ. ಮೊಪೆಡ್ ಮುಂದೆ ಮಾನಿಟರ್, ಹಿಂದೆ ಕ್ಯಾಬಿನೆಟ್, ಕೆಂಗೇರಿವರೆಗೂ ಹೋಗಿ ಇಳಿಸಿ ಬರುತ್ತಿದ್ದೆ. ಬಿಡುವಾದಾಗ ಟೇಬಲ್ ಪಕ್ಕ ನಿಂತು ನೋಡುತ್ತಿದ್ದೆ. ನೋಡಿ ನೋಡಿಯೇ ಕಲಿತೆ. ಯಾರೂ ಕೂರಿಸಿ ಹೇಳಿಕೊಡಲಿಲ್ಲ.

ಟೇಬಲ್‌ನಲ್ಲಿ ಕೂರುತ್ತಿದ್ದವನು ಸೀನಿಯರ್. ಬಾಗಲಕೋಟೆ ಕಡೆಯವನು. ಒಳ್ಳೆಯವನೇ, ಆದರೆ ಸೋಮಾರಿ. ಒಂದು ದಿನ ಅವನು ಊರಿಗೆ ಹೋಗಿದ್ದಾಗ ಒಂದು ಗೇಮಿಂಗ್ ಮಷಿನ್‌ಗೆ ಆರ್ಡರ್ ಬಂತು. ಮಲ್ಲತ್ತಹಳ್ಳಿಯ ಒಬ್ಬ ಇಂಜಿನಿಯರಿಂಗ್ ಹುಡುಗನದು. ದೊಡ್ಡ ಗ್ರಾಫಿಕ್ಸ್ ಕಾರ್ಡ್, ಎರಡು ಫ್ಯಾನ್, ಪಕ್ಕದಲ್ಲಿ ಗಾಜಿರುವ ಕ್ಯಾಬಿನೆಟ್. ಅವನಿಗೆ ಎರಡು ದಿನದಲ್ಲಿ ಬೇಕು. ಓನರ್ ನನ್ನ ಕಡೆ ತಿರುಗಿದ.

"ಲೋ, ನಿಂಗೆ ಬರುತ್ತೇನೋ?"

"ಬರುತ್ತೆ ಸಾರ್."

"ನೋಡ್ಕೋ ಮತ್ತೆ. ಇದು ಸರಿಯಾಗ್ ಹೋದ್ರೆ ಟೇಬಲ್ ನಿಂದು. ಇಬ್ರೂ ಕೂತ್ಕೊಳಿ."

ಒಂದೇ ಮಧ್ಯಾಹ್ನದಲ್ಲಿ ಜೋಡಿಸಿದೆ. ವೈರುಗಳನ್ನೆಲ್ಲ ಹಿಂದಕ್ಕೆ ಎಳೆದು ಕಟ್ಟಿದೆ. ಸೀನಿಯರ್ ಯಾವತ್ತೂ ಅಷ್ಟು ನೀಟಾಗಿ ಕಟ್ಟಿದವನಲ್ಲ. ಮೂರು ಗಂಟೆ ಗೇಮ್ ಓಡಿಸಿ ನೋಡಿದೆವು. ಬೆಣ್ಣೆಯ ಹಾಗೆ ಓಡಿತು. ಓನರ್ ಕೂಡ ನಾಲ್ಕು ಗುಂಡು ಹಾರಿಸಿ, "ಪರವಾಗಿಲ್ವೋ" ಎಂದ.

ಮರುದಿನ ನಾನೇ ಮಲ್ಲತ್ತಹಳ್ಳಿಗೆ ಒಯ್ದು ಮಹಡಿ ಮೇಲೆ ಇಟ್ಟೆ. ಯುಪಿಎಸ್ ಸಿಕ್ಕಿಸಿದೆ. ಯುಪಿಎಸ್ ಜೊತೆಗೆ ಒಂದು ಕೇಬಲ್, ಒಂದು ಸಿ.ಡಿ. ಬರುತ್ತಿತ್ತು. ಕೇಬಲ್ಲನ್ನು ಕಂಪ್ಯೂಟರ್ ಹಿಂದೆ ಚುಚ್ಚಿ ಸಿ.ಡಿ. ಹಾಕಿದರೆ, ಕರೆಂಟ್ ಹೋಗಿ ಬ್ಯಾಟರಿ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ತಾನೇ ಆಫ್ ಆಗುತ್ತದೆ. ಲೋಡ್ ಶೆಡ್ಡಿಂಗ್ ಕಾಲ ಅದು, ಜನರಿಗೆ ಇದೊಂದು ಮಾತು ಹೇಳಿದರೆ ಸಾಕು, ಖುಷಿಯಾಗುತ್ತಿದ್ದರು. ಅದನ್ನು ಹಾಕದೆ ಯಾವ ಮನೆಯಿಂದಲೂ ಬರಕೂಡದು ಎಂದು ಓನರ್ ರೂಲ್ ಮಾಡಿದ್ದ. ನಾನು ರೂಲ್ ಮುರಿಯುವವನಲ್ಲ. ಹಾಕಿ ಬಂದೆ.

ಸಂಜೆಗೇ ಫೋನ್ ಬಂತು. ಗೇಮ್ ಜರ್ಕ್ ಹೊಡೀತಿದೆ ಎಂದು.

ಹೋಗಿ ನೋಡಿದೆ. ಗೇಮ್‌ನಲ್ಲಿ ಮನುಷ್ಯ ಓಡುತ್ತಿರುತ್ತಾನೆ, ಇದ್ದಕ್ಕಿದ್ದಂತೆ ಅರ್ಧ ಸೆಕೆಂಡ್ ಕಲ್ಲಾಗುತ್ತಾನೆ, ಸ್ಪೀಕರ್‌ನಿಂದ ಟರ್ರ್ ಎಂದು ಸದ್ದು, ಮತ್ತೆ ಓಡುತ್ತಾನೆ. ಅಷ್ಟರಲ್ಲಿ ಎದುರಿಗಿದ್ದವನು ಹೊಡೆದು ಹಾಕಿರುತ್ತಾನೆ. ಹುಡುಗ ನನ್ನ ಮುಖ ನೋಡಿದ.

"ಗುರು, ಇದಕ್ಕಾ ಅಪ್ಪನ್ ಹತ್ರ ಒಂದು ವರ್ಷ ಗೋಗರೆದಿದ್ದು?"

ಮಷಿನ್ ವಾಪಸ್ ತಂದೆ. ನಮ್ಮಲ್ಲಿ ಯಾವ ಕಾಯಿಲೆಗೂ ಒಂದೇ ಔಷಧಿ, ಫಾರ್ಮ್ಯಾಟ್. ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ಮಾಡಿದೆ. ಅಂಗಡಿಯಲ್ಲಿ ಬೆಣ್ಣೆ. ಮಲ್ಲತ್ತಹಳ್ಳಿಗೆ ಒಯ್ದು ಎಲ್ಲ ಸಿಕ್ಕಿಸಿ ಸಿ.ಡಿ. ಹಾಕಿ ಆನ್ ಮಾಡಿದರೆ ಜರ್ಕ್. ಮತ್ತೆ ತಂದೆ. ಮೆಮೊರಿ ಬದಲಿಸಿದೆ. ಅಂಗಡಿಯಲ್ಲಿ ಬೆಣ್ಣೆ, ಮನೆಯಲ್ಲಿ ಜರ್ಕ್. ಗ್ರಾಫಿಕ್ಸ್ ಕಾರ್ಡ್ ಬದಲಿಸಿದೆ. ಅದೇ ಕಥೆ. ಹುಡುಗನ ತಾಯಿ ಪಾಪ, ಮೊದಲೆರಡು ಸಲ ಕಾಫಿ ಕೊಟ್ಟರು. ಮೂರನೇ ಸಲ ನೀರು ಕೊಟ್ಟರು. ನಾಲ್ಕನೇ ಸಲ ಬಾಗಿಲಲ್ಲೇ ನಿಂತು ಕೇಳಿದರು.

"ಅಲ್ಲಪ್ಪಾ, ಟೇಬಲ್ ದಕ್ಷಿಣಕ್ ಮುಖ ಮಾಡಿದೆ, ಅದಕ್ಕೇನಾದ್ರೂ ಹಿಂಗಾಗ್ತಿದ್ಯಾ?"

"ಅಂಥದ್ದೇನಿಲ್ಲ ಆಂಟಿ."

"ಯಾವುದಕ್ಕೂ ತಿರುಗ್ಸಿಬಿಡು."

ತಿರುಗಿಸಿದೆ. ಒಬ್ಬನೇ ಆ ಟೀಕ್ ಟೇಬಲ್ ಎಳೆದೆ. ಪೂರ್ವಕ್ಕೆ ಮುಖ ಮಾಡಿಯೂ ಜರ್ಕ್ ಹೊಡೆಯಿತು.

ಅಷ್ಟರಲ್ಲಿ ಸೀನಿಯರ್ ಊರಿಂದ ಬಂದಿದ್ದ. ಮಷಿನ್ ನಾಲ್ಕನೇ ಸಲ ವಾಪಸ್ ಬಂದಾಗ ಓನರ್ ಟೇಬಲ್ ಬಳಿ ನಿಂತು ಅದನ್ನೇ ನೋಡಿದ. ಅಂಗಡಿಯಲ್ಲಿ ಜನ ಇದ್ದರು. ತನಗೆ ಏನೂ ಗೊತ್ತಾಗುತ್ತಿಲ್ಲ ಎಂದು ಹೇಳಿದ್ದರೆ ನನಗೆ ಬೇಜಾರಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವನು ಹೇಳಿದ್ದು ಬೇರೆ.

"ಮಾಲ್ ಎಲ್ಲಾ ಹೊಸದು. ಎಲ್ಲಾ ಬದಲಾಯ್ಸಿ ಆಯ್ತು. ಬದಲಾಯ್ಸದೇ ಇರೋದು ಒಂದೇ ಕಣೋ, ನಿನ್ನ ಕೈ. ಕೆಲವ್ರದ್ದು ಕೈಗುಣ ಹಂಗೇ. ತಪ್ಪು ತಿಳ್ಕೋಬೇಡ."

ನಿಂತಿದ್ದ ಒಬ್ಬ ಗಿರಾಕಿ ಹೌದೌದು ಎಂದು ತಲೆಯಾಡಿಸಿದ. ಅವರ ಬೀದಿಯಲ್ಲಿ ಒಬ್ಬ ಗಾರೆ ಕೆಲಸದವನಂತೆ, ಅವನು ಪಾಯ ತೋಡಿದ ಮನೆಯೆಲ್ಲ ಕೋರ್ಟಿಗೆ ಹೋಗುತ್ತಂತೆ. ನನಗೆ ಆ ಗಿರಾಕಿ ಯಾರೆಂದೂ ಗೊತ್ತಿಲ್ಲ. ಅವನ ತಲೆ ಮೇಲೆ ಕೀಬೋರ್ಡ್ ಒಡೆಯಬೇಕು ಅನ್ನಿಸಿತು.

ಸ್ಕ್ರೂಡ್ರೈವರ್ ಕಸಿದುಕೊಂಡರು. ಸೀನಿಯರ್ ಆ ಮಷಿನ್ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬೇಕು, ಅಗರಬತ್ತಿ ಹಚ್ಚಿ ಶುರು ಮಾಡಬೇಕು ಎಂದು ತೀರ್ಮಾನವಾಯಿತು. ನಾನು ಅಷ್ಟು ಚೆನ್ನಾಗಿ ಹಾಕಿದ್ದ ವೈರಿನ ಕಟ್ಟುಗಳನ್ನು ಅವನು ಕಟ್ಟರ್‌ನಲ್ಲಿ ಕತ್ತರಿಸಿ ಬಿಸಾಕಿದ.

"ಯಾಕಲೇ ತಮ್ಮಾ, ಮಾರಿ ಹಿಂಗ್ಯಾಕ ಮಾಡೀದಿ?"

"ನನ್ನ ಕೈಯಲ್ಲಿ ಏನಿದೆ ಹೇಳಣ್ಣ. ಗುಳ್ಳೆ ಎದ್ದಿದ್ಯಾ?"

"ಅಂವಾ ಹೇಳ್ತಾನ, ನೀ ಕೇಳ್ತಿ. ಹೋಗಿ ಚಾ ತಗೊಂಬಾ ಹೋಗು."

ಅವನು ಜೋಡಿಸಿದ, ನಾನು ಹೊತ್ತೆ. ಮಲ್ಲತ್ತಹಳ್ಳಿಯಲ್ಲಿ ಎಲ್ಲ ಸಿಕ್ಕಿಸಿ ಸಿ.ಡಿ. ಹಾಕಿ ಆನ್ ಮಾಡಿದೆ. ಐದು ಸೆಕೆಂಡಿಗೊಂದು ಜರ್ಕ್. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಈಗ ಏನು ಹೇಳುತ್ತಾರೋ ನೋಡೋಣ ಎಂದು ಮೊಪೆಡ್ ಹಾರಿಸಿಕೊಂಡು ಬಂದೆ.

ಓನರ್ ಹೇಳಿದ, "ಆನ್ ಮಾಡಿದ್ಯಾರು?"

"ನಾನೇ ಸಾರ್."

"ಮತ್ತೆ!"

ಇಂಥವನ ಹತ್ತಿರ ಏನು ಮಾತಾಡುವುದು? ಜೋಡಿಸಿದರೂ ನನ್ನ ಕೈ, ಹೊತ್ತರೂ ನನ್ನ ಕೈ, ಸ್ವಿಚ್ ಒತ್ತಿದರೂ ನನ್ನ ಕೈ.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಸೀನಿಯರ್‌ನನ್ನೇ ಕಳಿಸಿದರು. ವಾಪಸ್ ತಂದ ಮಷಿನ್ನನ್ನು ಅವನು ಅಂಗಡಿಯಲ್ಲೇ ಮತ್ತೆ ಫಾರ್ಮ್ಯಾಟ್ ಮಾಡಿ, ಆಟೋದಲ್ಲಿ ಒಯ್ದು ಹಾಗೇ ಇಟ್ಟು, ಸ್ವಿಚ್ ಒತ್ತಿ, ಆಂಟಿ ಕೊಟ್ಟ ಕಾಫಿ ಕುಡಿದು ಬಂದ. ಮಷಿನ್ ಬೆಣ್ಣೆಯ ಹಾಗೆ ಓಡಿತು. ಒಂದು ದಿನ ಅಲ್ಲ, ಒಂದು ವಾರ ಓಡಿತು. ಹುಡುಗ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ. ಓನರ್ ಫೋನ್ ಇಟ್ಟು ನನ್ನ ಕಡೆ ನೋಡಿದ. ಆಮೇಲೆ ನನ್ನ ಕೈ ನೋಡಿದ. ಬೈದಿದ್ದರೇ ವಾಸಿ ಇತ್ತು.

ಆ ವಾರ ಸುಂಕದಕಟ್ಟೆಯ ವಠಾರದಲ್ಲಿ ಊಟಕ್ಕೆ ಕೂತಾಗ ನನ್ನ ಕೈಯನ್ನು ನಾನೇ ನೋಡಿಕೊಂಡೆ. ಲೇತ್ ಶಾಪಿನಲ್ಲಿ ಹೆಬ್ಬೆರಳ ತುದಿ ಸ್ವಲ್ಪ ಹೋಗಿತ್ತು. ಅದೇನಾದರೂ ಇರಬಹುದಾ ಎಂದು ಯೋಚಿಸಿದೆ. ಹಾಗೆ ಯೋಚಿಸಿದ್ದಕ್ಕೆ ಓನರ್ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು. ಟೇಬಲ್ ಹೋದದ್ದು ಸರಿ, ನನ್ನ ಕೈ ಮೇಲೆ ನನಗೇ ಅನುಮಾನ ಬರುವ ಹಾಗೆ ಮಾಡಿದ್ದನಲ್ಲ.

ಒಂಬತ್ತನೇ ದಿನ ಮಧ್ಯಾಹ್ನ ಮಲ್ಲತ್ತಹಳ್ಳಿಯಲ್ಲಿ ಕರೆಂಟ್ ಹೋಗಿದೆ. ಹುಡುಗ ಪ್ರಾಜೆಕ್ಟ್ ಟೈಪ್ ಮಾಡುತ್ತಿದ್ದವನು ಕೆಳಗೆ ಊಟಕ್ಕೆ ಹೋಗಿದ್ದಾನೆ. ಯುಪಿಎಸ್ ಬ್ಯಾಟರಿ ಮುಗಿದು ಮಷಿನ್ ದಪ್ಪೆಂದು ಆಫ್ ಆಗಿ, ಟೈಪ್ ಮಾಡಿದ್ದೆಲ್ಲ ಹೋಗಿದೆ. ತಾನೇ ಆಫ್ ಆಗುತ್ತೆ ಅಂದಿದ್ರಲ್ಲ ಎಂದು ಆಂಟಿ ಫೋನಿನಲ್ಲಿ ಓನರ್‌ಗೆ ಚೆನ್ನಾಗಿ ಕೊಟ್ಟರು. ಸೀನಿಯರ್‌ನನ್ನು ಕೇಳಿದರೆ ಆ ಕೇಬಲ್ ಸಿಕ್ಕಿಸಿಯೇ ಇಲ್ಲ, ಸಿ.ಡಿ.ಯೂ ಹಾಕಿಲ್ಲ ಎಂದ.

"ಯಾರ್ ಅಷ್ಟು ಬಗ್ಗಿ ಚುಚ್ಕೋತ ಕುಂಡ್ರತಾರ್ರೀ, ಸೊಂಟ ನೋವಕ್ಕೈತಿ."

ಬಿಸಿಲಲ್ಲಿ ಅವನು ಹೋಗಲು ಒಪ್ಪಲಿಲ್ಲ. ಓನರ್ ನನಗೆ ಹೇಳಿದ, "ಹೋಗಿ ಕೇಬಲ್ ಒಂದ್ ಸಿಕ್ಕಿಸಿ ಬಾ. ಬೇರೆ ಏನೂ ಮುಟ್ಬೇಡ. ಮುಟ್ಬೇಡ ಅಂದ್ರೆ ಮುಟ್ಬೇಡ."

ಹೋದೆ. ಕೇಬಲ್ ಸಿಕ್ಕಿಸಿ ಸಿ.ಡಿ. ಹಾಕಿದೆ. ಹುಡುಗ ಗೇಮ್ ಶುರು ಮಾಡಿದ. ಟರ್ರ್.

ಅವನು ಮೌಸ್ ಬಿಟ್ಟು ಕುರ್ಚಿ ಹಿಂದಕ್ಕೆ ತಳ್ಳಿದ.

"ಏನ್ ಗುರು ನೀನು! ಒಂದು ವಾರ ಚೆನ್ನಾಗಿತ್ತು. ನೀನು ಬಂದ್ ಮುಟ್ಟಿದ್ ತಕ್ಷಣ ಹೋಯ್ತಲ್ಲ!"

ಅವನ ತಾಯಿ ಬಾಗಿಲಲ್ಲಿ ನಿಂತಿದ್ದರು. ಅವರ ಮುಖದಲ್ಲೂ ಅದೇ ಮಾತು. ನನಗೆ ಕಣ್ಣಲ್ಲಿ ನೀರು ಬಂತು. ಅದು ಅಳು ಅಲ್ಲ, ಸಿಟ್ಟು. ಹುಡುಗ ಫೋನ್ ಕೈಗೆತ್ತಿಕೊಂಡ, ಓನರ್‌ಗೆ ಮಾಡಲು.

"ಫೋನ್ ಕೆಳಗಿಡು," ಎಂದೆ. ಗಿರಾಕಿಗೆ ಹಾಗೆ ಹೇಳಬಾರದು. ಹೇಳಿದೆ. "ಹತ್ತು ನಿಮಿಷ ಕೊಡು. ಆಮೇಲೆ ಯಾರಿಗ್ ಬೇಕಾದ್ರೂ ಮಾಡ್ಕೋ."

ಆ ಸಿಟ್ಟಿನಲ್ಲೇ ನನಗೆ ಹೊಳೆದದ್ದು. ಎಲ್ಲರೂ ಕೈ ಯಾರದು ಎಂದು ಕೇಳುತ್ತಿದ್ದರು. ಆ ಕೈ ಏನು ಮಾಡಿತು ಎಂದು ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಇವತ್ತು ನನ್ನ ಕೈ ಮಾಡಿದ್ದು ಒಂದೇ ಕೆಲಸ.

ಹುಡುಗ ಅಷ್ಟೇನೂ ಕೆಟ್ಟವನಲ್ಲ. ಅವನೂ ಇಂಟರ್‌ನೆಟ್‌ನಲ್ಲಿ ಹುಡುಕಿ ಒಂದು ಸಣ್ಣ ಪ್ರೋಗ್ರಾಂ ಇಳಿಸಿಕೊಂಡಿದ್ದ. ಯಾವುದಾದರೂ ಡ್ರೈವರ್ ತಡ ಮಾಡುತ್ತಿದೆಯಾ ಎಂದು ಅದು ತೋರಿಸುತ್ತದೆ ಎಂದ. ಕಂಪ್ಯೂಟರಿನ ಪ್ರತಿ ಭಾಗಕ್ಕೂ ಒಂದು ಡ್ರೈವರ್ ಇರುತ್ತದೆ, ಆ ಭಾಗದ ಜೊತೆ ಮಾತಾಡುವ ಸಣ್ಣ ಪ್ರೋಗ್ರಾಂ. ಅಷ್ಟು ನನಗೆ ಗೊತ್ತಿತ್ತು. ತಡ ಮಾಡುವುದೆಂದರೆ ಏನು ಎಂದು ಕೇಳಿದೆ. ಅವನು ಇಂಗ್ಲಿಷಿನಲ್ಲಿ ಏನೇನೋ ಹೇಳಿದ. ನಾನು ನನಗೆ ತಿಳಿದ ಹಾಗೆ ತಿಳಿದುಕೊಂಡೆ. ನಮ್ಮ ವಠಾರದಲ್ಲಿ ಆರು ಮನೆಗೆ ಒಂದೇ ಕಕ್ಕಸು. ಎಲ್ಲರೂ ಬೇಗ ಬೇಗ ಹೋಗಿ ಬಂದರೆ ಯಾರಿಗೂ ತೊಂದರೆಯಿಲ್ಲ. ಒಬ್ಬ ಒಳಗೆ ಬೀಡಿ ಹಚ್ಚಿಕೊಂಡು ಕೂತುಬಿಟ್ಟರೆ, ಉಳಿದವರೆಲ್ಲ ಚೊಂಬು ಹಿಡಿದು ಹೊರಗೆ ನಿಲ್ಲಬೇಕು. ಕಂಪ್ಯೂಟರಿನ ಒಳಗೂ ಹಾಗೇ. ಗ್ರಾಫಿಕ್ಸ್ ಕಾರ್ಡ್ ಎಷ್ಟು ದೊಡ್ಡ ಮನುಷ್ಯನಾದರೂ ಚೊಂಬು ಹಿಡಿದು ನಿಲ್ಲಲೇಬೇಕು.

ಅದನ್ನು ಹೇಳಿದೆ. ಹುಡುಗ ನಕ್ಕುಬಿಟ್ಟ. "ನಮ್ ಲೆಕ್ಚರರ್ ಹಿಂಗ್ ಹೇಳಿದ್ರೆ ಪಾಸಾಗ್ತಿದ್ದೆ ಮಗಾ," ಎಂದ. ಮಗಾ ಎಂದದ್ದು ಅದೇ ಮೊದಲು.

ಪ್ರೋಗ್ರಾಂ ತೆರೆದ. ಹಸಿರು ಗೆರೆಗಳು ಸಾಲಾಗಿ ಗಿಡ್ಡಕ್ಕೆ ಬರುತ್ತಿದ್ದವು. ಹಸಿರು, ಹಸಿರು, ಹಸಿರು, ಹಸಿರು, ಆಮೇಲೆ ಪರದೆಯ ಮೇಲ್ಗಡೆಗೆ ಮುಟ್ಟುವಷ್ಟು ಉದ್ದದ ಒಂದು ಕೆಂಪು ಗೆರೆ. ಮತ್ತೆ ಹಸಿರು ನಾಲ್ಕು, ಮತ್ತೆ ಕೆಂಪು. ಯಾರೋ ಕೂತು ಎಣಿಸಿ ಹಾಕುತ್ತಿರುವ ಹಾಗಿತ್ತು. ಆದರೆ ಯಾವ ಡ್ರೈವರ್ ಎಂದು ಅದು ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು.

ನಾನು ಸೀದಾ ಕೇಬಲ್ಲಿಗೆ ಕೈ ಹಾಕಲಿಲ್ಲ. ಕಿತ್ತ ಮೇಲೆ ಸರಿಹೋದರೂ, ಸುಮ್ಮನೆ ಸರಿಹೋಯಿತು ಎಂದುಬಿಡುತ್ತಾರೆ. ಹುಡುಗನಿಗೆ ಒಂದೊಂದನ್ನೇ ಆಫ್ ಮಾಡು ಎಂದೆ, ಅವನ ಕೈಯಿಂದಲೇ. ಸೌಂಡ್ ಆಫ್ ಮಾಡಿದ. ಕೆಂಪು ಬಂತು. ಇಂಟರ್‌ನೆಟ್ ಕಾರ್ಡ್ ಆಫ್ ಮಾಡಿದ. ಕೆಂಪು ಬಂತು. ಸಿ.ಡಿ. ಡ್ರೈವ್ ಆಫ್ ಮಾಡಿದ, ಕೆಂಪು ನಿಲ್ಲಲಿಲ್ಲ. ಆಗ ನಾನು ಟೇಬಲ್ ಕೆಳಗೆ ತೂರಿ ಮಲಗಿದೆ. ಯುಪಿಎಸ್ ಹಿಂದೆ ಕೇಬಲ್ ಸೇರುವ ಕಡೆ ಸಾಸಿವೆ ಕಾಳಿನಷ್ಟು ಒಂದು ಹಳದಿ ಲೈಟ್ ಇತ್ತು. ಅದು ಮಿನುಗಿತು.

"ಕೆಂಪು ಬಂದಾಗ ಕೂಗು."

"ಬಂತು."

ಲೈಟ್ ಮಿನುಗಿತು.

"ಬಂತು. ಬಂತು ಮಗಾ. ಈಗ ಬಂತು."

ಪ್ರತಿ ಸಲ ಅವನು ಕೂಗುವುದೂ ಲೈಟ್ ಮಿನುಗುವುದೂ ಒಟ್ಟಿಗೇ. ಆ ದರಿದ್ರದ ಯುಪಿಎಸ್ ಪ್ರೋಗ್ರಾಂ ಐದು ಸೆಕೆಂಡಿಗೊಮ್ಮೆ ಹೋಗಿ, ಬ್ಯಾಟರಿ ಎಷ್ಟಿದೆ ಎಂದು ಯುಪಿಎಸ್‌ಗೆ ಕೇಳುತ್ತಿತ್ತು. ಯುಪಿಎಸ್ ನಿಧಾನಕ್ಕೆ ಉತ್ತರ ಕೊಡುತ್ತಿತ್ತು. ಅಲ್ಲಿಯವರೆಗೆ ಇಡೀ ಕಂಪ್ಯೂಟರ್ ಬಾಗಿಲ ಹೊರಗೆ ಚೊಂಬು ಹಿಡಿದು ನಿಂತಿರುತ್ತಿತ್ತು. ಅಂಗಡಿಯಲ್ಲಿ ಎಲ್ಲವೂ ಒಂದು ದೊಡ್ಡ ಇನ್ವರ್ಟರ್ ಮೇಲೆ ಓಡುತ್ತಿದ್ದವು, ಅಲ್ಲಿ ಈ ಕೇಬಲ್ ಯಾವತ್ತೂ ಹೊರಗೆ ಬಂದೇ ಇರಲಿಲ್ಲ. ಅದಕ್ಕೇ ಅಲ್ಲಿ ಬೆಣ್ಣೆ.

ಕೇಬಲ್ ಕಿತ್ತೆ. ಹಸಿರು. ಒಂದು ನಿಮಿಷ ಕಾದೆವು, ಬರೀ ಹಸಿರು. ಹುಡುಗನನ್ನು ಕೆಳಗೆ ಕರೆದು, ನೀನೇ ಸಿಕ್ಕಿಸು ಎಂದೆ. ಸಿಕ್ಕಿಸಿದ. ಕೆಂಪು.

"ನಿನ್ ಕೈನೂ ಸರಿ ಇಲ್ಲ ಬಿಡು," ಎಂದೆ.

ಆಂಟಿಯನ್ನೂ ಕರೆದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಡಿಯೂರಿ ಕೂತು ಕೇಬಲ್ ಚುಚ್ಚಿದರು. ಮೇಲೆ ಮಗ ಕೆಂಪು ಎಂದು ಕೂಗಿದ. ಅವರು ಟೇಬಲ್ ಕೆಳಗಿನಿಂದಲೇ ನನ್ನನ್ನು ನೋಡಿ, "ಅಯ್ಯೋ ಪಾಪ," ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. ಕಾಫಿ ಮಾಡಲು ಹೋದರು. ಕೇಬಲ್ ಬೇಡ, ಕರೆಂಟ್ ಹೋದರೆ ಅವನೇ ಬಂದು ಆಫ್ ಮಾಡಲಿ, ಅಷ್ಟು ಸೋಮಾರಿತನ ಏನು ಎಂದು ಅಡುಗೆಮನೆಯಿಂದಲೇ ಹೇಳಿದರು.

ನಾನು ಕೇಬಲ್ ಸುತ್ತಿ ಜೇಬಿಗೆ ಹಾಕಿಕೊಂಡು ಅಂಗಡಿಗೆ ಬಂದೆ. ದಾರಿಯಲ್ಲಿ ಲೆಕ್ಕ ಹಾಕಿದೆ. ಎರಡು ವರ್ಷ ನಾನು ಊರೆಲ್ಲ ಇದೇ ಕೇಬಲ್ ಚುಚ್ಚಿ ಬಂದಿದ್ದೇನೆ. ಸೀನಿಯರ್ ಜೋಡಿಸಿದ ಮಷಿನ್‌ಗಳೂ ಎಲ್ಲ ಕಡೆ ಜರ್ಕ್ ಹೊಡೆಯುತ್ತಿವೆ. ಅಲ್ಲೆಲ್ಲ ಕಾಗದ ಟೈಪ್ ಮಾಡುತ್ತಾರೆ, ಬಿಲ್ ಹಾಕುತ್ತಾರೆ, ಅರ್ಧ ಸೆಕೆಂಡ್ ನಿಂತರೆ ಯಾರಿಗೂ ಕಾಣಿಸುವುದಿಲ್ಲ. ಗೇಮ್ ಆಡುವವನ ಕಣ್ಣಿಗೆ ಮಾತ್ರ ಕಾಣಿಸಿತು. ಅದೂ ನಾನು ಜೋಡಿಸಿದ್ದರಲ್ಲಿ.

ಅಂಗಡಿಯಲ್ಲಿ ಸೀನಿಯರ್ ಜೋಡಿಸಿದ್ದ ಒಂದು ಹೊಸ ಮಷಿನ್ ಟೇಬಲ್ ಮೇಲೆ ಓಡುತ್ತಿತ್ತು. ನಾನು ಗೋಡೌನ್‌ನಿಂದ ಹೊಸ ಯುಪಿಎಸ್ ತಂದು ಪಕ್ಕಕ್ಕೆ ಇಟ್ಟೆ.

"ಅಣ್ಣಾ, ಈ ಕೇಬಲ್ ಚುಚ್ಚು. ಸಿ.ಡಿ. ಹಾಕು. ನಾನು ಮುಟ್ಟಲ್ಲ."

"ಏನ್ಲೇ ಇದು, ಜಾದೂನ?"

"ಚುಚ್ಚಣ್ಣ."

ಚುಚ್ಚಿದ. ಗೇಮ್ ಹಾಕಿದ. ಟರ್ರ್. ಓನರ್ ಎದ್ದು ಬಂದ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಾನು ನಿಂತಿದ್ದೆ, ಅವನಿಗೆ ಕಾಣಲಿ ಎಂದೇ. ಸೀನಿಯರ್ ಕೇಬಲ್ ಕಿತ್ತ, ಬೆಣ್ಣೆ. ಚುಚ್ಚಿದ, ಟರ್ರ್. ಅವನಿಗೆ ನಗು ತಡೆಯಲಾಗಲಿಲ್ಲ.

"ಸಾರ್, ನನ್ನ ಕೈಗುಣಾನೂ ಕೆಟ್ಟೈತ್ರೀ! ಇಬ್ರೂ ಕೂಡಿ ಚಾದ ಅಂಗಡಿ ಇಡ್ತೀವಿ ತಗೋರಿ!"

ಓನರ್ ನಗಲಿಲ್ಲ. ಅವನೇ ಒಂದು ಸಲ ಕೇಬಲ್ ಚುಚ್ಚಿ ನೋಡಿದ. ಟರ್ರ್. ತಕ್ಷಣ ಕೈ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಹೋಗಿ ಅವನ ಜಾಗದಲ್ಲಿ ಕೂತ. ಯಾವ ಯುಪಿಎಸ್‌ಗೂ ಇನ್ನು ಆ ಕೇಬಲ್ ಹಾಕಬೇಡಿ ಎಂದ. ನಾನು ಕಾಯುತ್ತಾ ನಿಂತೆ. ಅವತ್ತು ನಾಲ್ಕು ಜನರ ಎದುರಿಗೆ ಹೇಳಿದ್ದನಲ್ಲ, ಇವತ್ತು ಅಂಗಡಿ ಖಾಲಿ ಇದೆ, ಯಾರಿಲ್ಲದಾಗಲಾದರೂ ತಪ್ಪಾಯಿತು ಎನ್ನಲಿ ಎಂದು. ಅನ್ನಲಿಲ್ಲ.

"ಸರಿ, ನಾಳೆಯಿಂದ ಟೇಬಲ್ಲಲ್ಲಿ ಕೂತ್ಕೋ," ಎಂದ. "ಆದ್ರೆ ಮೊದಲ್ನೇ ಸ್ಕ್ರೂ ಅವನು ಹಾಕ್ಲಿ. ಉಳಿದಿದ್ದು ಪೂರ್ತಿ ನೀನ್ ಮಾಡು. ಒಂದು ಶಾಸ್ತ್ರಕ್ಕೆ ಕಣೋ. ಬೇಜಾರ್ ಮಾಡ್ಕೋಬೇಡ."

ಕಣ್ಣಾರೆ ನೋಡಿದ್ದಾನೆ. ಕೈಯಾರೆ ಚುಚ್ಚಿದ್ದಾನೆ. ಆದರೂ ಮೊದಲನೇ ಸ್ಕ್ರೂ ಸೀನಿಯರ್ ಹಾಕಬೇಕಂತೆ. ಆಗಲೇ ಆ ಟೇಬಲ್ ಎತ್ತಿ ಕವುಚಿ ಹಾಕಿ ಮಾಗಡಿ ರೋಡ್ ಹಿಡಿದು ಮನೆಗೆ ಹೋಗಬೇಕಿತ್ತು. ನಾನು ಹೂಂ ಅಂದೆ. ಟೇಬಲ್ ಬೇಕಿತ್ತು ನನಗೆ. ಓನರ್ ಮೇಲಿನ ಸಿಟ್ಟಿಗಿಂತ ಆ ಹೂಂ ಮೇಲಿನ ಸಿಟ್ಟು ಜಾಸ್ತಿ.

ಮರುದಿನದಿಂದ ಹಾಗೇ ನಡೆಯಿತು. ಸೀನಿಯರ್ ಬಂದು ಮದರ್‌ಬೋರ್ಡಿನ ಮೂಲೆಗೆ ಒಂದು ಸ್ಕ್ರೂ ತಿರುಗಿಸಿ, "ಆತಪಾ, ಮುಟ್ಟೇನಿ," ಎಂದು ಚಾ ಕುಡಿಯಲು ಹೋಗುತ್ತಿದ್ದ. ಅವನು ಮೆಟ್ಟಿಲು ಇಳಿಯುವವರೆಗೆ ಕಾಯುತ್ತಿದ್ದೆ. ಆಮೇಲೆ ಆ ಸ್ಕ್ರೂ ಬಿಚ್ಚಿ ತೆಗೆದು, ಅದನ್ನೇ ಅದೇ ಜಾಗಕ್ಕೆ ನನ್ನ ಕೈಯಿಂದ ಹಾಕಿ, ಬಿಗಿ ಮಾಡಿ, ಕೆಲಸ ಶುರು ಮಾಡುತ್ತಿದ್ದೆ. ಆ ಅಂಗಡಿಯಲ್ಲಿ ಇದ್ದಷ್ಟು ದಿನ ಒಂದು ಮಷಿನ್ ಕೂಡ ಬಿಡದೆ ಹಾಗೆ ಮಾಡಿದೆ. ಒಂದೂ ವಾಪಸ್ ಬರಲಿಲ್ಲ. ಓನರ್ ಗಿರಾಕಿಗಳಿಗೆ ಸೀನಿಯರ್ ಕಡೆ ಕೈ ತೋರಿಸಿ, ಮೊದಲ ಸ್ಕ್ರೂ ಅವನದು, ಅದಕ್ಕೇ ಎನ್ನುತ್ತಿದ್ದ. ನಾನು ತಲೆ ಎತ್ತದೆ ವೈರ್ ಕಟ್ಟುತ್ತಿದ್ದೆ.